ಆ ಹುಡುಗಿಯ ಸಿಟ್ಟು ಇಳಿಸಲು ನನಗೆ ಹೇಳಿದರು

ಹೋದ ತಿಂಗಳು ಆಸ್ಟಿನ್‌ನಿಂದ ಶಬಾನಾ ಎಂಬ ಹುಡುಗಿ ಫೋನ್ ಮಾಡಿದ್ದಳು. ಬಳ್ಳಾರಿಯವಳು. ಆಸ್ಟಿನ್‌ನ ವಿಶ್ವವಿದ್ಯಾಲಯದಲ್ಲಿ ಶಾಲಾ ಕೌನ್ಸೆಲಿಂಗ್ ಓದುತ್ತಿದ್ದಾಳೆ, ಬರುವ ಆಗಸ್ಟ್‌ನಲ್ಲಿ ಕೆಲಸಕ್ಕೆ ಸೇರುತ್ತಾಳೆ.

"ಆಂಟಿ, ಮಕ್ಕಳು ರೂಮಿಗೆ ಬಂದು ಅಳೋಕೆ ಶುರು ಮಾಡಿದ್ರೆ ಏನ್ ಮಾಡ್ಲಿ? ನಂಗೂ ಅಳು ಬಂದ್‌ಬಿಟ್ರೆ?" ಎಂದು ಕೇಳಿದಳು.

"ಅಳೋ ಮಕ್ಕಳ ಚಿಂತೆ ಬಿಡಮ್ಮ. ಅವರಿಗೆ ಟಿಶ್ಯೂ ಕೊಡೋಕೆ ನೂರು ಜನ ಇರ್ತಾರೆ. ಬಾಗಿಲು ಒದ್ದುಕೊಂಡು ಹೋಗೋ ಮಗು ಇರುತ್ತಲ್ಲ, ಅದು ನಿನ್ನ ರೂಮಿಗೆ ಬರೋದೇ ಇಲ್ಲ. ಅದನ್ನ ಹುಡುಕ್ಕೊಂಡು ಹೋಗು" ಎಂದೆ. ಅವಳಿಗೆ ನನ್ನ ಮಾತು ಪೂರ್ತಿ ಅರ್ಥವಾದಂತೆ ಕಾಣಲಿಲ್ಲ. ಅದಕ್ಕೇ ಇದನ್ನು ಬರೆಯಲು ಕುಳಿತೆ.

ನಾನು ಟೆಕ್ಸಸ್‌ನ ಮೂರು ಊರುಗಳ ಸರ್ಕಾರಿ ಶಾಲೆಗಳಲ್ಲಿ ಕೌನ್ಸೆಲರ್ ಆಗಿದ್ದೆ. ಮೊದಲು ಡಲ್ಲಾಸ್ ಪಕ್ಕದ ಮೆಕಿನ್ನಿ, ಆಮೇಲೆ ಆಸ್ಟಿನ್, ಕೊನೆಗೆ ಹ್ಯೂಸ್ಟನ್. ನಮ್ಮ ಮನೆಯವರ ಕೆಲಸ ಶಿಫ್ಟ್ ಆದ ಹಾಗೆಲ್ಲ ನನ್ನ ಶಾಲೆಯೂ ಬದಲಾಗುತ್ತಿತ್ತು. ಸಿಕ್ಕ ಸನ್ಮಾನದ ಫಲಕಗಳು ಗ್ಯಾರೇಜಿನಲ್ಲಿ ಹಳೇ ಕುಕ್ಕರ್‌ಗಳ ಜೊತೆ ಇವೆ, ಅವುಗಳ ಮಾತು ಬೇಡ. ನಿವೃತ್ತಿಯಾದ ಮೇಲೆ ಎಲ್ಲ ತಣ್ಣಗಾಗುತ್ತೆ ಎಂದು ಗೆಳತಿಯರು ಹೇಳಿದ್ದರು. ಬಿಪಿ ಇಳಿದಿದೆ. ಸಿಟ್ಟು ಇಳಿದಿಲ್ಲ, ಇಳಿಸಿಕೊಳ್ಳುವ ಇಷ್ಟವೂ ನನಗಿಲ್ಲ.

ಮೆಕಿನ್ನಿಯ ಶಾಲೆಯಲ್ಲಿ ನಾನಿನ್ನೂ ಹೊಸಬಳು. ಒಂದೇ ವಾರದಲ್ಲಿ ಇಬ್ಬರು ಹುಡುಗರು ತರಗತಿಯಲ್ಲಿ ಡೆಸ್ಕ್ ಉರುಳಿಸಿದರು. ಇಬ್ಬರೂ ಆರನೇ ತರಗತಿ. ಒಬ್ಬ ಬಿಳಿಯ ಹುಡುಗ, ಅವನ ಅಪ್ಪ ಅಮ್ಮ ಬೇರೆಯಾಗುತ್ತಿದ್ದರು. ಇನ್ನೊಬ್ಬ ಕಪ್ಪು ಹುಡುಗ, ಅವನನ್ನು ಸಾಕಿದ ತಾತ ತೀರಿಕೊಂಡಿದ್ದರು. ಮೊದಲನೆಯವನನ್ನು ಟೀಚರ್ ಕೈಹಿಡಿದು ನನ್ನ ಕೋಣೆಗೆ ಕರೆತಂದರು: ಪಾಪ, ಮನಸ್ಸಿಗೆ ನೋವಾಗಿದೆ. ಎರಡನೆಯವನನ್ನು ಶಾಲೆಯ ಕಾವಲಿಗಿದ್ದ ಪೊಲೀಸ್ ಬಂದು ಕರೆದೊಯ್ದ. ತಾತ ಸತ್ತ ಸುದ್ದಿ ನನಗೆ ತಿಳಿದದ್ದು ಆ ಮಗುವನ್ನು ಅಮಾನತು ಮಾಡಿ ಮನೆಗೆ ಕಳಿಸಿಯಾದ ಮೇಲೆ, ಶಾಲಾ ಬಸ್ಸಿನ ಡ್ರೈವರ್‌ನಿಂದ.

ನನ್ನ ಮೇಲಿನವರು ಒಳ್ಳೆಯ ಹೆಂಗಸು. ಎಲ್ಲರಿಗೂ ಮನೆಯಲ್ಲಿ ಮಾಡಿದ ಕುಕೀ ತಂದುಕೊಡುತ್ತಿದ್ದರು. ಇದೇಕೆ ಹೀಗೆ ಎಂದು ಅವರನ್ನು ಕೇಳಿದೆ. "ಅವನ ಗಾತ್ರ ನೋಡಿದ್ದೀರಾ ಸುಮಾ? ಜನ ಹೆದರ್ತಾರೆ" ಎಂದರು, ಕುಕೀ ಡಬ್ಬಿಯನ್ನು ನನ್ನ ಕಡೆ ತಳ್ಳುತ್ತಾ. ಆರನೇ ತರಗತಿಯ ಮಗುವಿಗೆ ಹೆದರುತ್ತಾರಂತೆ! ಆ ಬಿಳಿಯ ಹುಡುಗನೂ ಅಷ್ಟೇ ಎತ್ತರವಿದ್ದ. ಅವತ್ತು ನಾನು ಕುಕೀ ತಿನ್ನಲಿಲ್ಲ ಎಂಬುದಷ್ಟೇ ನನ್ನ ಪ್ರತಿಭಟನೆ. ಹೊಸ ನೌಕರಿ, ವೀಸಾದ ಚಿಂತೆ, ಬಾಯಿ ಮುಚ್ಚಿಕೊಂಡಿದ್ದೆ.

ಆಸ್ಟಿನ್ ಬೇರೆ ಥರದ ಊರು, ತಾನು ಬಹಳ ಒಳ್ಳೆಯದು ಎಂದು ನಂಬಿಕೊಂಡ ಊರು. ಅಲ್ಲಿನ ಶಾಲೆಯ ಶೌಚಾಲಯದ ಬಾಗಿಲ ಮೇಲೆ ಯಾರೋ ಕಪ್ಪು ಮಕ್ಕಳನ್ನು ಬೈಯುವ ಆ ಪದವನ್ನು ಚಾಕುವಿನಿಂದ ಕೆತ್ತಿದ್ದರು. ಊಟದ ಹೊತ್ತಿಗೆ ಬಾಗಿಲಿಗೆ ಬಣ್ಣ ಬಳಿದಾಯಿತು. ಆ ವಾರವೇ ಮಕ್ಕಳ ಮನಸ್ಸು ಹಗುರಾಗಲೆಂದು ಮುದ್ದು ನಾಯಿಗಳನ್ನು ಕರೆಸಿದರು, ಉಸಿರಾಟದ ಅಭ್ಯಾಸ ಮಾಡಿಸಿದರು. ಒಬ್ಬ ಕಪ್ಪು ಹುಡುಗಿ ನಾಯಿಯ ಕಿವಿ ಸವರುತ್ತಲೇ ಕೇಳಿದಳು, "ಕೆತ್ತಿದವರು ಯಾರು ಅಂತ ಹುಡುಕ್ತಿದ್ದೀರಾ?" ಪ್ರಾಂಶುಪಾಲರು, "ಈಗ ನಾವು ಗಾಯ ಮಾಯೋದರ ಕಡೆ ಗಮನ ಕೊಡೋಣ" ಎಂದರು. ತಿಪ್ಪೆ ಸಾರಿಸುವುದು ಅಂದರೆ ಇದೇ. ನಾಯಿಗಳು ಮಾತ್ರ ನಿಜಕ್ಕೂ ಒಳ್ಳೆಯವಿದ್ದವು, ಅವುಗಳ ಮೇಲೆ ನನಗೇನೂ ಕೋಪವಿಲ್ಲ.

ಅಷ್ಟರಲ್ಲಿ ಕೆಲಸದ ರೀತಿಯೂ ಬದಲಾಗಿತ್ತು. ಮೊದಲು ನಾವು ಊಟದ ಹಾಲ್‌ನಲ್ಲಿ ಸುತ್ತಾಡಿ ಯಾರು ತಟ್ಟೆ ಮುಟ್ಟಿಲ್ಲ, ಯಾರು ಒಬ್ಬರೇ ಕೂತಿದ್ದಾರೆ ಎಂದು ನೋಡುತ್ತಿದ್ದೆವು. ಆಮೇಲೆ ಮಕ್ಕಳ ಲ್ಯಾಪ್‌ಟಾಪ್‌ಗೆ ಒಂದು ಸಾಫ್ಟ್‌ವೇರ್ ಹಾಕಿದರು. ಅಪಾಯದ ಪದ ಟೈಪ್ ಮಾಡಿದರೆ ನಮ್ಮ ಫೋನ್ ಹೊಡೆದುಕೊಳ್ಳುತ್ತಿತ್ತು. ನಾಯಿಯ ಕಿವಿ ಸವರಿದ ಆ ಹುಡುಗಿಯೇ ಇತಿಹಾಸದ ಪ್ರಬಂಧದಲ್ಲಿ 'ನಮ್ಮವರು ಸಾಯುವುದನ್ನು ನೋಡಿ ನೋಡಿ ಸಾಕಾಗಿದೆ' ಎಂದು ಬರೆದಳು. ಯಂತ್ರ ಕೂಗಿತು. ವಿಚಾರಿಸಿಕೊಂಡು ಬರಲು ಅವಳ ಮನೆಗೆ ಪೊಲೀಸ್ ಕಾರು ಹೋಯಿತು. ಪೊಲೀಸರೆಂದರೆ ನಡುಗುವ ಮನೆಗೆ, ಮಗುವಿನ ಮನಸ್ಸು ಸರಿಯಿದೆಯೇ ನೋಡಲು ಪೊಲೀಸರನ್ನು ಕಳಿಸುವ ಬುದ್ಧಿವಂತರು ಇವರು. ಆ ಹುಡುಗಿ ಆಮೇಲೆ ಯಾವ ಪ್ರಬಂಧದಲ್ಲೂ ಮನಸ್ಸಿನ ಮಾತು ಬರೆಯಲಿಲ್ಲ.

ಇಷ್ಟೂ ಬೇರೆಯವರ ಮೇಲಿನ ಸಿಟ್ಟು. ಈಗ ನಮ್ಮವರ ಕಡೆ ಬರುತ್ತೇನೆ.

ಹ್ಯೂಸ್ಟನ್‌ನಲ್ಲಿ ನಮ್ಮ ಮನೆ ಮಿಸೌರಿ ಸಿಟಿ, ಶಾಲೆ ಸೈಪ್ರೆಸ್ ಕಡೆ. ದಿನಾ ಟೋಲ್ ರಸ್ತೆಯಲ್ಲಿ ಅಷ್ಟು ದೂರ ಡ್ರೈವ್ ಮಾಡುತ್ತಿದ್ದೆ. ಅಲ್ಲಿ ಹೊಸ ಹೊಸ ಬಡಾವಣೆಗಳು, ಒಂದೇ ಅಚ್ಚಿನ ಮನೆಗಳು. ಬಾಗಿಲ ಮೇಲೆ ಮಾವಿನೆಲೆಯ ಪ್ಲಾಸ್ಟಿಕ್ ತೋರಣ, ಗ್ಯಾರೇಜಿನ ಪಕ್ಕ ಕಪ್ಪು ಮುಖದ, ಕೋರೆಹಲ್ಲಿನ ದೃಷ್ಟಿಗೊಂಬೆ ಕಂಡರೆ ನಮ್ಮವರ ಮನೆ ಎಂದು ತಿಳಿಯುತ್ತಿತ್ತು.

ಇಮಾನಿ ಹನ್ನೊಂದನೇ ತರಗತಿಯ ಕಪ್ಪು ಹುಡುಗಿ. ಅಂಚೆ ಇಲಾಖೆಯಲ್ಲಿ ದುಡಿದು ನಿವೃತ್ತರಾದ ಅಜ್ಜಿ ಲೊರೇನ್ ಜೊತೆ ಇದ್ದಳು. ಚರ್ಚಾ ತಂಡದ ಮುಂದಾಳು, ಮಾತಿಗೆ ನಿಂತರೆ ಎದುರಿನವರು ನೀರು ಕುಡಿಯಬೇಕು. ಅವಳು ನನ್ನ ಗಮನಕ್ಕೆ ಬಂದದ್ದು ಒಂದು ಹೊಡೆದಾಟದಿಂದ. ಕಾರಿಡಾರ್‌ನಲ್ಲಿ ಅದೇ ತಂಡದ ನಿಖಿಲ್ ಎಂಬ ಹುಡುಗನನ್ನು ತಳ್ಳಿದಳು, ಅವನು ಲಾಕರ್‌ಗೆ ಬಡಿದು ಮುಂದಿನ ಹಲ್ಲಿನ ಚೂರು ಹಾರಿತು. ಕ್ಯಾಮೆರಾದಲ್ಲಿ ಎಲ್ಲವೂ ಇತ್ತು. ನಿಖಿಲ್ ಗೆಳೆಯನ ಜೊತೆ ನಗುತ್ತಾ ಕೈ ಆಡಿಸುತ್ತಾನೆ, ಮುಂದೆ ಹೋಗಿದ್ದ ಇಮಾನಿ ತಿರುಗಿ ಬಂದು ತಳ್ಳುತ್ತಾಳೆ. ಅವಳನ್ನು ವರ್ಷದ ಉಳಿದ ಕಾಲವೆಲ್ಲ ಆಲ್ಟರ್ನೇಟಿವ್ ಶಾಲೆಗೆ ಕಳಿಸುವುದೆಂದು ಹೆಚ್ಚೂಕಡಿಮೆ ತೀರ್ಮಾನವಾಗಿತ್ತು. ಅದು ಹೆಸರಿಗೆ ಶಾಲೆ. ಬೆಳಿಗ್ಗೆ ಬಾಗಿಲಲ್ಲಿ ಮೈತಡವಿ ಒಳಗೆ ಬಿಡುತ್ತಾರೆ. ಚರ್ಚಾ ತಂಡ, ಕಾಲೇಜಿನ ಕನಸು ಎಲ್ಲಕ್ಕೂ ಅಲ್ಲಿಗೆ ಎಳ್ಳುನೀರು. ಅದಕ್ಕೆ ಮುಂಚೆ ನಿಯಮದ ಪ್ರಕಾರ ಒಂದು ವಿಚಾರಣೆ ನಡೆಯಬೇಕಿತ್ತು.

ಅವಳನ್ನು ನನ್ನ ಕೋಣೆಗೆ ಯಾರೂ ಕಳಿಸಲಿಲ್ಲ. ಕಚೇರಿಯ ಹೊರಗೆ ಕೂತಿದ್ದವಳನ್ನು ನಾನೇ ಕರೆದೆ. ಅವಳು ಕುರ್ಚಿಯಲ್ಲಿ ಕೈಕಟ್ಟಿ ಕೂತಳು. ನಾನು ಹೇಗನ್ನಿಸುತ್ತಿದೆ ಎಂದು ಕೇಳಲಿಲ್ಲ. ಆ ಪ್ರಶ್ನೆಯನ್ನು ಬೆಳಗಿನಿಂದ ಎಲ್ಲರೂ ಕೇಳಿದ್ದರು.

"ಅವರು ನಿನಗೆ ಏನು ಮಾಡ್ತಿದ್ರು?" ಎಂದೆ.

ಅವಳು ಎದ್ದು ಬಂದು ನನ್ನ ಮುಂದೆ ನಿಂತಳು. ಅಂಗೈ ಎತ್ತಿ ನನ್ನ ಮುಖದ ಸುತ್ತ ಮೂರು ಸಲ ನಿವಾಳಿಸಿದಳು. ಆಮೇಲೆ ಪಕ್ಕಕ್ಕೆ ತಿರುಗಿ ಥೂ ಥೂ ಥೂ ಎಂದಳು.

ನಾನು ಮಗುವಾಗಿದ್ದಾಗ ಜ್ವರ ಬಂದರೆ ನನ್ನಜ್ಜಿ ಉಪ್ಪು ಮೆಣಸಿನಕಾಯಿ ಹಿಡಿದು ಹೀಗೇ ನಿವಾಳಿಸುತ್ತಿದ್ದಳು. ಯಾರ ಕೆಟ್ಟ ಕಣ್ಣು ಬಿತ್ತೋ ಎಂದು ಗೊಣಗಿ ಉಗಿಯುತ್ತಿದ್ದಳು. ಪ್ರೀತಿಯಿಂದ ಮಾಡುವ ಕೆಲಸ ಅದು.

"ನಾನು ಹತ್ತಿರ ಹಾದು ಹೋದಾಗಲೆಲ್ಲ ಅವನು ಅವನ ಫ್ರೆಂಡ್ಸ್‌ಗೆ ಹೀಗೆ ಮಾಡ್ತಾನೆ. ನನ್ನ ಕಡೆ ನೋಡಿ ಉಗೀತಾನೆ. ತಿಂಗಳುಗಟ್ಟಲೆ. ಟೀಚರ್‌ಗೆ ಹೇಳಿದ್ರೆ ಏನೋ ಡ್ಯಾನ್ಸ್ ಇರ್ಬೇಕು ಅಂದ್ರು. ಮಿಸ್, ನಿಮಗೆ ಇದು ಏನು ಅಂತ ಗೊತ್ತು. ನಿಮ್ಮ ಮುಖ ನೋಡಿದ್ರೆ ಗೊತ್ತಾಗುತ್ತೆ."

ಗೊತ್ತು ಎಂದೆ. ಉಳಿದದ್ದನ್ನು ಅವಳೇ ಹೇಳಿದಳು. ಚರ್ಚಾ ಸ್ಪರ್ಧೆಯಲ್ಲಿ ಅವಳು ನಿಖಿಲ್‌ನನ್ನು ಸೋಲಿಸಿ ಮುಂದಾಳಾದ ಮೇಲೆ ಇದು ಶುರುವಾಗಿತ್ತು. ಅವನು ತನ್ನ ಮನೆಯ ದೃಷ್ಟಿಗೊಂಬೆಯ ಫೋಟೋ ಪಕ್ಕ ಅವಳ ಫೋಟೋ ಇಟ್ಟು ಹುಡುಗರ ಗ್ರೂಪಿಗೆ ಹಾಕಿದ್ದ, ಆಮೇಲೆ ಅಳಿಸಿದ್ದ. ಒಬ್ಬ ಹುಡುಗಿ ಅದನ್ನು ಇಮಾನಿಗೆ ತೋರಿಸಿದ್ದಳು. ಅಂದಿನಿಂದ ಅವಳಿಗೆ ಊಟ ಸೇರುತ್ತಿರಲಿಲ್ಲ, ನಿದ್ದೆ ಇರಲಿಲ್ಲ. ಕನ್ನಡಿಗೆ ಟವೆಲ್ ಹಾಕಿ ಮುಚ್ಚಿದ್ದಳು. "ಬೆಳಿಗ್ಗೆ ಏಳೋದೇ ಬೇಡ ಅನ್ಸುತ್ತೆ" ಎಂದಳು.

ಈ ಕೆಲಸಕ್ಕೆ ಬರುವವರು ಇಲ್ಲಿ ಸುತ್ತಿ ಬಳಸಿ ಮಾತಾಡಬಾರದು. ಸಾಯಬೇಕು ಅನ್ನಿಸುತ್ತಾ ಎಂದು ನೇರವಾಗಿ ಕೇಳಿದೆ. ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತೆ ಎನ್ನುತ್ತಾರೆ, ಅದು ಸುಳ್ಳು. ಕೆಲವು ಸಲ ಅನ್ನಿಸುತ್ತೆ ಎಂದಳು. ಅಜ್ಜಿಯನ್ನು ಕರೆಸಿದೆ. ಮೂವರೂ ಕೂತು, ಅಂಥ ಹೊತ್ತಿನಲ್ಲಿ ಅವಳು ಯಾರಿಗೆ ಫೋನ್ ಮಾಡಬೇಕು, ಮನೆಯ ಮಾತ್ರೆಗಳನ್ನೆಲ್ಲ ಎಲ್ಲಿ ಬೀಗ ಹಾಕಿ ಇಡಬೇಕು, ಯಾವ ವೈದ್ಯರನ್ನು ಕಾಣಬೇಕು ಎಂದು ಗೊತ್ತುಮಾಡಿಕೊಂಡೆವು. ಆ ಕೈಯಾಟದ ಅರ್ಥವನ್ನು ವಿಚಾರಣೆಯಲ್ಲಿ ಹೇಳಬಹುದೇ ಎಂದು ಕೇಳಿದೆ. ಇಮಾನಿ ಒಪ್ಪಿದಳು. ಲೊರೇನ್ ಕೈಚೀಲವನ್ನು ತೊಡೆಯ ಮೇಲೆ ಗಟ್ಟಿಯಾಗಿ ಹಿಡಿದು, "ನನ್ನ ಮೊಮ್ಮಗಳು ತಳ್ಳಿದ್ದು ತಪ್ಪು, ಅದನ್ನ ಅವಳಿಗೆ ಹೇಳಿದ್ದೀನಿ. ಉಳಿದವರ ತಪ್ಪು ಯಾರು ಹೇಳ್ತಾರೆ?" ಎಂದರು.

ಆ ಭಾನುವಾರವೇ ನಿಖಿಲ್‌ನ ಅಪ್ಪ ಅಮ್ಮ ನಮ್ಮ ಮನೆಗೆ ಬಂದರು. ಸತೀಶ್, ರೂಪಾ, ಮೈಸೂರಿನವರು, ಕನ್ನಡ ಕೂಟದಲ್ಲಿ ಪರಿಚಯ. ಕೈಯಲ್ಲಿ ಮೈಸೂರು ಪಾಕಿನ ಡಬ್ಬಿ.

"ಆಂಟಿ, ಶಾಲೆಯವ್ರು ಅದು ಏನು ಸನ್ನೆ ಅಂತ ಕೇಳ್ತಿದ್ದಾರೆ. ಅದು ನಮ್ಮ ಆಶೀರ್ವಾದದ ಪದ್ಧತಿ ಅಂತ ಬರೆದು ಕೊಟ್ಟಿದ್ದೀವಿ. ನೀವೂ ಒಂದು ಮಾತು ಹೇಳ್‌ಬಿಟ್ರೆ ಮುಗೀತು" ಎಂದರು ಸತೀಶ್.

"ಆಶೀರ್ವಾದವಾ?"

"ಸುಳ್ಳೇನೂ ಅಲ್ವಲ್ಲ ಆಂಟಿ. ಮಕ್ಕಳಿಗೆ ಒಳ್ಳೇದಾಗ್ಲಿ ಅಂತ ತಾನೇ ದೃಷ್ಟಿ ತೆಗೆಯೋದು? ಸಂಸ್ಕೃತಿ, ಧರ್ಮ ಅಂದ್ರೆ ಈ ಜನ ಮುಂದೆ ಮಾತಾಡಲ್ಲ."

"ಯಾರ ಕಣ್ಣು ಬಿತ್ತು ಅಂತ ತೆಗೆದ ನಿಮ್ಮ ಮಗ? ಯಾರ ಮುಖ ನೋಡಿ ಉಗಿದ?"

ರೂಪಾ ಕಣ್ಣಲ್ಲಿ ನೀರು ತಂದುಕೊಂಡಳು. "ಅವ್ನು ಇನ್ನೂ ಮಗು ಆಂಟಿ. ಮುಂದಿನ ವರ್ಷ ಕಾಲೇಜ್ ಅಪ್ಲಿಕೇಶನ್ ಕಳಿಸ್ಬೇಕು. ದೊಡ್ಡ ಮನಸ್ಸು ಮಾಡಿ."

ಅವನು ಮಗು. ಅವನಷ್ಟೇ ವಯಸ್ಸಿನ ಇಮಾನಿ ಮಾತ್ರ ಅಪಾಯ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾಣತನ ಇದು. ನಮ್ಮವರಿಗೆ ಬಣ್ಣ ನೋಡಿ ಅಳೆಯುವುದನ್ನು ಅಮೆರಿಕ ಕಲಿಸಲಿಲ್ಲ. ಮಗು ಹುಟ್ಟಿದ ತಕ್ಷಣ ಬಣ್ಣ ಕೇಳುವವರು ನಾವು, ಬಿಸಿಲಿಗೆ ಹೋದರೆ ಕಪ್ಪಾಗ್ತೀಯ ಎಂದು ಮಗಳನ್ನು ಒಳಗೆಳೆದುಕೊಳ್ಳುವವರು ನಾವು. ಕಚೇರಿಯಲ್ಲಿ ಬಿಳಿಯನೊಬ್ಬ ನಮ್ಮ ಉಚ್ಚಾರಣೆಗೆ ನಕ್ಕರೆ ಮನೆಗೆ ಬಂದು ವಾರಗಟ್ಟಲೆ ಕೊರಗುತ್ತೇವೆ, ಅದೇ ಮನೆಯ ಊಟದ ಮೇಜಿನಲ್ಲಿ 'ಆ ಏರಿಯಾ ಬೇಡ, ಅಲ್ಲಿ ಅವ್ರೇ ಜಾಸ್ತಿ' ಎನ್ನುತ್ತೇವೆ. ಮಕ್ಕಳಿಗೆ ಕನ್ನಡದಲ್ಲಿ ಉತ್ತರ ಕೊಡಲು ಬರದಿದ್ದರೂ ಇದು ಮಾತ್ರ ಚೆನ್ನಾಗಿ ಅರ್ಥವಾಗುತ್ತದೆ.

ನಮ್ಮ ಮನೆಯವರು ಹುಬ್ಬಳ್ಳಿಯವರು, ಮಾತು ಕಡಿಮೆ. ಅವತ್ತು ಪೇಪರ್ ಮಡಿಸಿಟ್ಟು ಹೇಳಿದರು: "ಅಲ್ರೀ ಸತೀಶ್, ದೇವರು ಧರ್ಮ ಅಂತ ಹೇಳಿ ಮಗನ್ನ ಉಳಿಸ್ಕೊಳ್ಳಾಕ ಹೊಂಟೀರಿ. ಉಳಿಸ್ಕೋರಿ. ಆದ್ರ ಆ ಹುಡುಗಿ ಏನ್ ಮಾಡ್ಬೇಕ್ರಿ?"

ಅವರು ಕಾಫಿ ಮುಗಿಸದೆ ಹೊರಟರು. ಡಬ್ಬಿಯನ್ನು ವಾಪಸ್ ಕೊಟ್ಟು ಕಳಿಸಿದೆ.

ವಿಚಾರಣೆಗೆ ಉಪ ಪ್ರಾಂಶುಪಾಲರದೇ ಮುಂದಾಳತ್ವ. ಬಿಳಿಯ ಹೆಂಗಸು, ಮೆದು ಮಾತು, ಯಾರನ್ನೂ ನೋಯಿಸಬಾರದೆಂದು ಯಾರಿಗೂ ನ್ಯಾಯ ಕೊಡದವರು. ಸತೀಶ್ ಬರೆದುಕೊಟ್ಟದ್ದನ್ನು ಗೌರವದಿಂದ ಓದಿದರು. ಪ್ರಾಚೀನ ಪರಂಪರೆ, ಶುಭ ಹಾರೈಕೆ ಇತ್ಯಾದಿ. "ಅಂದರೆ ಇದು ಎರಡು ಸಂಸ್ಕೃತಿಗಳ ನಡುವಿನ ತಪ್ಪು ತಿಳುವಳಿಕೆ, ಅಲ್ಲವೇ?" ಎಂದು ನನ್ನ ಕಡೆ ತಿರುಗಿದರು. ಇಮಾನಿ ಮೇಜನ್ನೇ ನೋಡುತ್ತಿದ್ದಳು.

ನಾನು ಎದ್ದು ನಿಂತೆ. ನಮ್ಮಲ್ಲಿ ಇದನ್ನು ಯಾವಾಗ ಮಾಡುತ್ತಾರೆ, ಯಾರ ಮೇಲೆ ಮಾಡುತ್ತಾರೆ, ಉಗಿಯುವುದು ಯಾವುದನ್ನು ಓಡಿಸಲು ಎಂದು ಹೇಳಿದೆ. ಆಮೇಲೆ, "ಸತೀಶ್, ಇದು ಆಶೀರ್ವಾದ ಅಂದ್ರಲ್ಲ. ನಿಮ್ಮ ಮಗ ಇಮಾನಿ ಎದುರಿಗೆ ಮಾಡಿದ ಹಾಗೇ, ಈ ಮೇಡಂ ಮುಖ ನೋಡ್ಕೊಂಡು ಮಾಡಿ ತೋರಿಸಿ. ಥೂ ಥೂ ಸಮೇತ" ಎಂದೆ. ಇದನ್ನು ಇಂಗ್ಲಿಷ್‌ನಲ್ಲೇ ಹೇಳಿದೆ, ಎಲ್ಲರಿಗೂ ಕೇಳಲಿ ಎಂದು.

ಸತೀಶ್ ಕೈ ಅರ್ಧಕ್ಕೆ ಎತ್ತಿದರು. ಉಪ ಪ್ರಾಂಶುಪಾಲರ ಮುಖ ನೋಡಿದರು. ಕೈ ಇಳಿಸಿಬಿಟ್ಟರು.

ಆಗ ನಿಖಿಲ್ ಬಾಯಿ ಬಿಟ್ಟ. "ಸ್ಟಾಪ್, ಡ್ಯಾಡ್." ಒಡೆದ ಹಲ್ಲಿನ ನಡುವೆ ಮಾತು ಸರಿಯಾಗಿ ಹೊರಡುತ್ತಿರಲಿಲ್ಲ. ಸೋತ ಮೇಲೆ ತಾನೇ ಇದನ್ನು ಶುರು ಮಾಡಿದ್ದು, ಗೊಂಬೆಯ ಫೋಟೋ ಹಾಕಿದ್ದೂ ತಾನೇ, ಅವಳು ಅಪಶಕುನ ಎಂದು ಎಲ್ಲರೂ ನಗಲಿ ಎಂದು ಮಾಡಿದ್ದು, ಅವಳ ಬಣ್ಣಕ್ಕೇ ಮಾಡಿದ್ದು ಎಂದು ಹೇಳಿದ. ರೂಪಾ ಅವನ ತೋಳು ಹಿಡಿದು ಎಳೆಯುತ್ತಿದ್ದಳು. ಅವನು ಹೇಳಿ ಮುಗಿಸಿದ. ಆ ಕೋಣೆಯಲ್ಲಿ ನಮ್ಮವರ ಪೈಕಿ ಸ್ವಲ್ಪ ಮಾನ ಉಳಿಸಿದವನು ಅವನೇ.

ಇಷ್ಟು ಬಟಾಬಯಲಾದ ಮೇಲೆ ನ್ಯಾಯ ಸಿಕ್ಕಿತು ಎಂದು ನೀವು ಅಂದುಕೊಂಡಿರಬಹುದು. ತೀರ್ಮಾನ ಹೀಗೆ ಬಂತು: ಇಬ್ಬರೂ ತಪ್ಪು ಮಾಡಿದ್ದಾರೆ. ನಿಖಿಲ್ ಪರರನ್ನು ಗೌರವಿಸುವ ಬಗ್ಗೆ ಒಂದು ಪುಟ ಬರೆಯಬೇಕು. ಇಮಾನಿ ಆಲ್ಟರ್ನೇಟಿವ್ ಶಾಲೆಗೆ ಹೋಗಬೇಕಿಲ್ಲ, ಆದರೆ ಸಿಟ್ಟು ನಿಭಾಯಿಸುವ ತರಗತಿ ಮುಗಿಸಬೇಕು, ಮುಗಿಸುವವರೆಗೂ ಚರ್ಚಾ ತಂಡಕ್ಕೆ ಸೇರುವಂತಿಲ್ಲ. ತರಗತಿ ನಡೆಸಬೇಕಾದವಳು ನಾನು. ಸಿಟ್ಟು ಇಳಿದಿದೆ ಎಂದು ನಾನು ಬರೆದುಕೊಟ್ಟರೆ ಅವಳ ಕಡತ ಮುಚ್ಚುತ್ತಾರೆ.

ಮೊದಲ ತರಗತಿಗೆ ಇಮಾನಿ ಬಂದು, "ಶುರು ಮಾಡಿ ಮಿಸ್. ಹತ್ತು ಎಣಿಸ್ಬೇಕಾ?" ಎಂದಳು. ನಮ್ಮ ಶಾಲೆಗಳನ್ನೆಲ್ಲ ನೋಡಿಕೊಳ್ಳುವ ಮೇಲಿನ ಕಚೇರಿಯವರು ಥರ್ಮಾಮೀಟರಿನ ಚಿತ್ರವಿರುವ ಹಾಳೆ ಕಳಿಸಿದ್ದರು. ಸಿಟ್ಟು ಎಷ್ಟು ಏರಿದೆಯೋ ಅಷ್ಟಕ್ಕೆ ಕೆಂಪು ಬಳಿಯಬೇಕಂತೆ. ಅದನ್ನು ಕಸದ ಬುಟ್ಟಿಗೆ ಹಾಕಿ ಬಾಗಿಲು ಮುಚ್ಚಿದೆ. "ವಿಚಾರಣೆಯಲ್ಲಿ ನಿನ್ನ ಯಾರೂ ಏನೂ ಕೇಳ್ಲಿಲ್ಲ. ಈಗ ಹೇಳು, ಎಷ್ಟು ಜೋರಾಗಿ ಬೇಕಾದ್ರೂ ಹೇಳು" ಎಂದೆ.

ಹೇಳಿದಳು ನೋಡಿ! ನನ್ನನ್ನೂ ಬಿಡಲಿಲ್ಲ. "ನಿಮ್ಮ ಜನ ನಮ್ಮ ಹಾಡಿಗೆ ಕುಣೀತಾರೆ, ನಮ್ಮ ಹಾಗೆ ಬಟ್ಟೆ ಹಾಕ್ತಾರೆ, ನಾನು ಪಕ್ಕ ಬಂದ್ರೆ ಮಾತ್ರ ಉಗೀತಾರೆ" ಎಂದು ಕೂಗಿದಳು. ಪಕ್ಕದ ತರಗತಿಯ ಟೀಚರ್ ಬಾಗಿಲು ತಟ್ಟಿ ಪೊಲೀಸ್ ಕರೆಯಲೇ ಎಂದು ಕೇಳಿದರು. "ಬೇಡ, ಪಾಠ ನಡೀತಿದೆ" ಎಂದು ಬಾಗಿಲು ಹಾಕಿದೆ. ಇಮಾನಿಗೆ ನಗು ಬಂತು. ಅವಳು ನಕ್ಕದ್ದನ್ನು ನಾನು ನೋಡಿದ್ದು ಅದೇ ಮೊದಲು.

ವಾರಗಳು ಕಳೆದಂತೆ ನಿದ್ದೆ ಬರತೊಡಗಿತು. ಲೊರೇನ್ ಕಟ್ಟಿಕೊಟ್ಟ ಊಟವನ್ನು ನನ್ನ ಕೋಣೆಯಲ್ಲೇ ಕೂತು ಪೂರ್ತಿ ತಿನ್ನುತ್ತಿದ್ದಳು, ನನ್ನ ಚಿತ್ರಾನ್ನಕ್ಕೂ ಕೈ ಹಾಕುತ್ತಿದ್ದಳು. ವೈದ್ಯರ ಬಳಿ ತಪ್ಪದೆ ಹೋಗುತ್ತಿದ್ದಳು. ಸಾಯುವ ಯೋಚನೆ ಈಗಲೂ ಬರುತ್ತದೆಯೇ ಎಂದು ಪ್ರತಿ ವಾರ ನೇರವಾಗಿ ಕೇಳುತ್ತಿದ್ದೆ, ಕೊನೆಕೊನೆಗೆ ಇಲ್ಲ ಎನ್ನುತ್ತಿದ್ದಳು. ಸಿಟ್ಟು ಮಾತ್ರ ಹಾಗೇ ಇತ್ತು. ಅವಳನ್ನು ಎಬ್ಬಿಸಿ ನಿಲ್ಲಿಸಿದ್ದೇ ಆ ಸಿಟ್ಟು ಎಂದು ನನಗೆ ಖಾತ್ರಿಯಿತ್ತು.

ನಾನು ವರದಿ ಬರೆದೆ: ಈ ವಿದ್ಯಾರ್ಥಿನಿಗೆ ಖಿನ್ನತೆ ಇತ್ತು, ಚಿಕಿತ್ಸೆಯಿಂದ ಗುಣವಾಗುತ್ತಿದೆ. ಖಿನ್ನತೆಗೆ ಕಾರಣ ಅವಳ ಮೇಲೆ ನಡೆದ ಜನಾಂಗೀಯ ಅವಮಾನ. ಅವಳ ಸಿಟ್ಟು ನ್ಯಾಯವಾದದ್ದು, ಅದನ್ನು ಇಳಿಸುವ ಅಗತ್ಯ ಕಾಣಲಿಲ್ಲ.

ಉಪ ಪ್ರಾಂಶುಪಾಲರು ಕರೆಸಿದರು. "ಸುಮಾ, ಜನಾಂಗೀಯ ಅನ್ನೋ ಪದ ಈಗ ಬರವಣಿಗೆಯಲ್ಲಿ ಬೇಡ ಅಂತ ಮೇಲಿನಿಂದ ಹೇಳಿದ್ದಾರೆ. ಸಿಟ್ಟು ಇಳಿದಿದೆ ಅಂತ ಒಂದು ಸಾಲು ಬರೀರಿ, ಮುಚ್ಚಿಬಿಡೋಣ. ಅವಳಿಗೇ ಒಳ್ಳೆಯದು."

"ಇಳಿದಿಲ್ಲವಲ್ಲ" ಎಂದೆ.

ಅವರು ನಿಟ್ಟುಸಿರು ಬಿಟ್ಟು ಇಮಾನಿಯನ್ನೇ ಕರೆಸಿದರು. ಎದುರಿಗೆ ಕೂರಿಸಿಕೊಂಡು ಆದಷ್ಟು ಮೃದುವಾಗಿ ಕೇಳಿದರು, "ಇಮಾನಿ, ನಿನಗೆ ಇನ್ನೂ ಸಿಟ್ಟಿದೆಯಾ?" ಇಲ್ಲ ಎಂದರೆ ಸಾಕಿತ್ತು. ಅವತ್ತೇ ಚರ್ಚಾ ತಂಡಕ್ಕೆ ಮರಳಬಹುದಿತ್ತು. ಅದು ಅವಳಿಗೂ ಗೊತ್ತಿತ್ತು. ಅವಳು ನನ್ನ ಕಡೆ ನೋಡಲಿಲ್ಲ, ಅವರನ್ನೇ ನೋಡಿದಳು.

"ಇದೆ, ಮ್ಯಾಮ್" ಎಂದಳು. "ನಿಮಗ್ಯಾಕೆ ಬಂದಿಲ್ಲ?"

ಉಪ ಪ್ರಾಂಶುಪಾಲರು ಪೆನ್ನು ಕೆಳಗಿಟ್ಟರು. ನಾನೂ ಅವರ ಉತ್ತರಕ್ಕೆ ಕಾಯುತ್ತಾ ಕುಳಿತೆ.